ಸಾಲಿಗೊಂದು ಪಲ್ಲವಿ

‘ದೇವರಿಗೆ ಸ್ತೋತ್ರ’, ಅಂದರೆ ದೇವರಿಗೆ ಕೃತಜ್ಞತೆ, ಎಂಬ ಮಾತು ನಮ್ಮ ಕ್ರೈಸ್ತರ ಬಾಯಿಗೆ ಎಷ್ಟು ರೂಢಿಯಾಗಿದೆಯೆಂದರೆ, ಯಾವುದಕ್ಕೆ ಸ್ತೋತ್ರ ಎಂದು ಯಾರಾದರೂ ತಿರುಗಿ ಕೇಳಿದರೆ ತಡವರಿಸಬೇಕಾಗುತ್ತದೆ. ಆ ಪ್ರಶ್ನೆಗೆ ರಾತ್ರಿ ಮಲಗುವ ಮುನ್ನ ನೋಟ್‌ಬುಕ್ಕಿನಲ್ಲಿ ಉತ್ತರ ಬರೆಯುವುದು ನನ್ನ ಅಭ್ಯಾಸ. ಮಾದರಿ ಬೈಬಲಿನ 136ನೆಯ ಕೀರ್ತನೆ.

ಅದರ 26 ವಚನಗಳಲ್ಲಿ ಒಂದೊಂದರ ಕೊನೆಗೂ ಬರುವುದು ಒಂದೇ ಪಲ್ಲವಿ: ಆತನ ಕೃಪೆ ಶಾಶ್ವತ. ಮೊದಲ ಭಾಗ ಮಾತ್ರ ಬದಲಾಗುತ್ತ ಹೋಗುತ್ತದೆ. ಸೂರ್ಯಚಂದ್ರರ ಸೃಷ್ಟಿ, ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಇಸ್ರಾಯೇಲರ ಬಿಡುಗಡೆ, ಇಬ್ಭಾಗವಾದ ಕೆಂಪು ಸಮುದ್ರ, ಅರಣ್ಯದ ದಾರಿ, ಸೀಹೋನ ಮತ್ತು ಓಗ ಎಂಬ ಅರಸರ ಸೋಲು. ಇಷ್ಟೆಲ್ಲ ಹೇಳಿ 25ನೆಯ ವಚನದಲ್ಲಿ, ಎಲ್ಲ ಜೀವಿಗಳಿಗೂ ಆಹಾರ ಕೊಡುವವನು ಎಂಬಲ್ಲಿಗೆ ಇಳಿಯುತ್ತದೆ. ನನ್ನ ದಿನಗಳಲ್ಲಿ ಸಮುದ್ರ ಸೀಳುವಂಥದ್ದೇನೂ ನಡೆಯುವುದಿಲ್ಲ. ಹಾಗಾಗಿ ನಾನು ಶುರುಮಾಡುವುದು ಆ 25ನೆಯ ವಚನದಿಂದಲೇ.

ಬರೆಯುವುದು ನಾಲ್ಕೈದು ಸಾಲು, ಪ್ರತಿಯೊಂದೂ ಅಂದು ನಡೆದದ್ದೇ ಆಗಿರಬೇಕು. ‘ಆರೋಗ್ಯಕ್ಕಾಗಿ, ಕುಟುಂಬಕ್ಕಾಗಿ’ ಎಂಬ ಸಗಟು ಸ್ತೋತ್ರಕ್ಕೆ ನನ್ನಲ್ಲಿ ಜಾಗವಿಲ್ಲ. ಬೆಳಗಿನಿಂದ ಕಾಡಿದ ತಲೆನೋವು ಮಧ್ಯಾಹ್ನ ಇಳಿಯಿತು. ನಾನು ಸಿಡುಕಿದಾಗ ಹೆಂಡತಿ ತಿರುಗಿ ಸಿಡುಕಲಿಲ್ಲ. ಹೀಗೆ ಬರೆದು, ಪ್ರತಿ ಸಾಲಿನ ನಂತರ ಪಲ್ಲವಿಯನ್ನು ಬಾಯಿಬಿಟ್ಟು ಹೇಳುತ್ತೇನೆ. ಮನಸ್ಸಿನಲ್ಲೇ ಹೇಳಿಕೊಂಡರೆ ನಿದ್ದೆ ಮೊದಲು ಬರುತ್ತದೆ.

ಈ ಎರಡು ಸಾಲುಗಳು ಒಂದೇ ಬಗೆಯವಲ್ಲ. ತಲೆನೋವು ಇಳಿದದ್ದು ಒಳಿತು. ಹೆಂಡತಿ ಸುಮ್ಮನಿದ್ದದ್ದು ಕರುಣೆ, ಏಕೆಂದರೆ ನನಗೆ ಸಲ್ಲಬೇಕಾಗಿದ್ದ ಉತ್ತರ ಬೇರೆಯಿತ್ತು. ದೇವರು ನಮ್ಮ ಪಾಪಗಳಿಗೆ ತಕ್ಕಂತೆ ನಮ್ಮೊಡನೆ ವರ್ತಿಸಲಿಲ್ಲ ಎನ್ನುತ್ತದೆ 103ನೆಯ ಕೀರ್ತನೆ. ಆದ್ದರಿಂದ ಸಿಕ್ಕಿದ್ದನ್ನು ಮಾತ್ರವಲ್ಲ, ಬರಬೇಕಾಗಿದ್ದೂ ಬಾರದೆ ಹೋದದ್ದನ್ನೂ ಹುಡುಕುತ್ತೇನೆ. ಅಂಥದ್ದು ಒಂದಾದರೂ ಇಲ್ಲದ ಪುಟ ನನಗೆ ಅನುಮಾನ ತರಿಸುತ್ತದೆ.

ಇನ್ನೊಂದು ಎಚ್ಚರ ಲೂಕನ ಸುವಾರ್ತೆಯ 18ನೆಯ ಅಧ್ಯಾಯದಿಂದ ಬಂದದ್ದು. ಅಲ್ಲಿ ಯೇಸು ಹೇಳುವ ಕಥೆಯಲ್ಲಿ, ದೇವಾಲಯದಲ್ಲಿ ನಿಂತ ಫರಿಸಾಯನ, ಅಂದರೆ ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವನ, ಪ್ರಾರ್ಥನೆಯೂ ಸ್ತೋತ್ರದಿಂದಲೇ ಆರಂಭವಾಗುತ್ತದೆ: ನಾನು ಉಳಿದವರಂತಲ್ಲ, ಈ ಸುಂಕದವನಂತೆಯೂ ಅಲ್ಲ. ‘ಅವರಿಗೆ ಬಂದ ಕಷ್ಟ ನಮಗೆ ಬರಲಿಲ್ಲವಲ್ಲ, ಸ್ತೋತ್ರ’ ಎಂಬ ನಮ್ಮ ಮಾತು ಅದರ ಹತ್ತಿರದ ಸಂಬಂಧಿಯೇ. ಬೇರೆಯವರ ದುಃಖದ ಮೇಲೆ ನಿಂತ ಸಾಲು ಕಂಡರೆ ಅಡ್ಡಗೆರೆ ಎಳೆಯುತ್ತೇನೆ.

ಸಾವಿನ ಮನೆಯಲ್ಲಿ ‘ಸ್ತೋತ್ರ ಹೇಳಿ’ ಎಂದು ಒತ್ತಾಯಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತೀರಿಹೋದ ಗೆಳೆಯ ಲಾಜರನ ಸಮಾಧಿಯ ಬಳಿ ಯೇಸು ತಂದೆಗೆ ಸ್ತೋತ್ರ ಸಲ್ಲಿಸಿದ್ದು ನಿಜ, ಆದರೆ ಅದಕ್ಕೆ ಮೊದಲು ಅತ್ತಿದ್ದನು. ದೇವರ ಕರುಣೆ ದಿನದಿನವೂ ಹೊಸದು ಎಂಬ ಮಾತನ್ನು ನಾವು ಕ್ಯಾಲೆಂಡರಿನಲ್ಲಿ ಹೂವಿನ ಚಿತ್ರದ ಕೆಳಗೆ ಓದುತ್ತೇವೆ. ಅದು ಇರುವುದು ಪ್ರಲಾಪಗಳ 3ನೆಯ ಅಧ್ಯಾಯದಲ್ಲಿ, ಬಾಬೆಲಿನವರು (ಬ್ಯಾಬಿಲೋನಿನವರು) ಹಾಳುಮಾಡಿದ ಯೆರೂಸಲೇಮಿಗಾಗಿ ಅತ್ತ ಪುಸ್ತಕದ ನಡುವೆ. ಅಲ್ಲಿಗೆ ತಲಪುವ ಮೊದಲು ಕವಿ ಇಪ್ಪತ್ತು ವಚನಗಳಷ್ಟು ದೂರುತ್ತಾನೆ, ದೇವರು ನುರುಜುಗಲ್ಲಿನಿಂದ ತನ್ನ ಹಲ್ಲು ಮುರಿದನೆಂದೂ ಹೇಳುತ್ತಾನೆ. ಕೆಟ್ಟ ದಿನಗಳಲ್ಲಿ ನಾನೂ ದೂರನ್ನೇ ಮೊದಲು ಬರೆಯುತ್ತೇನೆ. ಆಮೇಲೂ ನನ್ನದೆಂಬ ಸಾಲು ಹೊಳೆಯದಿದ್ದರೆ ಕೀರ್ತನೆಯನ್ನೇ ಗಟ್ಟಿಯಾಗಿ ಓದುತ್ತೇನೆ. ಅಂದಿಗೆ ಇಸ್ರಾಯೇಲಿನ ನೆನಪೇ ನನ್ನ ನೆನಪು.

ಭಾನುವಾರ ಮಾತ್ರ ಇನ್ನೊಂದು ಕೆಲಸ ಸೇರುತ್ತದೆ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯ ಆಳಿಗೆ ಹತ್ತು ಸಾವಿರ ತಲಾಂತುಗಳ, ಅಂದರೆ ತೀರಿಸಲಾಗದಷ್ಟು ದೊಡ್ಡ ಮೊತ್ತದ, ಸಾಲ ಮನ್ನಾ ಆಯಿತು. ಹೊರಗೆ ಬಂದವನೇ ನೂರು ದಿನಾರಿಗಾಗಿ, ಅಂದರೆ ಕೂಲಿಯಾಳಿನ ನೂರು ದಿನದ ಸಂಬಳಕ್ಕಾಗಿ, ಜೊತೆಯ ಆಳಿನ ಕುತ್ತಿಗೆ ಹಿಡಿದ. ವಾರದ ಸಾಲುಗಳನ್ನು ಓದಿಕೊಂಡು, ನಾನು ಇನ್ನೂ ಕುತ್ತಿಗೆ ಹಿಡಿದುಕೊಂಡಿರುವವರ ಹೆಸರನ್ನು ಪಕ್ಕದ ಪುಟದಲ್ಲಿ ಬರೆಯುತ್ತೇನೆ. ಹೆಸರಿನ ಎದುರು ಮಾಡಬೇಕಾದ ಕೆಲಸ: ಫೋನ್, ಭೇಟಿ, ಕೆಲವೊಮ್ಮೆ ಹಳೆಯ ಮಾತನ್ನು ಮತ್ತೆ ಎತ್ತದೆ ಇರುವುದು. ಒಂದೆರಡು ಹೆಸರುಗಳು ವಾರಗಟ್ಟಲೆ ಹಾಗೆಯೇ ಉಳಿಯುತ್ತವೆ. ಅವನ್ನು ಮುಂದಿನ ಭಾನುವಾರದ ಪುಟಕ್ಕೆ ನಕಲು ಮಾಡಿಕೊಳ್ಳುತ್ತೇನೆ.