ಊಟ ಕಡಿಮೆ ಮಾಡಿದ್ರೂ ತೂಕ ಇಳೀತಿಲ್ವಾ? ಮೊದಲು ಎಣ್ಣೆ ಅಳೆಯಿರಿ
ಕ್ಯಾಲೊರಿ ಲೆಕ್ಕ ತಪ್ಪೋದು ಹೆಚ್ಚಾಗಿ ಎಣ್ಣೆಯಲ್ಲೇ. ಒಂದು ಟೇಬಲ್ ಚಮಚ ಎಣ್ಣೆಗೆ ಸುಮಾರು 120 ಕ್ಯಾಲೊರಿ. ಬಾಟಲಿಯಿಂದ ಸೀದಾ ಬಾಣಲೆಗೆ ಸುರಿದರೆ ಎರಡು ಮೂರು ಚಮಚ ಹೋದದ್ದೇ ಗೊತ್ತಾಗಲ್ಲ. ಬಾಟಲಿಯನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟು ತೂಕ ಸೊನ್ನೆ ಮಾಡೋ ಬಟನ್ ಒತ್ತಿ, ಬಾಣಲೆಗೆ ಎಣ್ಣೆ ಹಾಕಿ ಬಾಟಲಿ ವಾಪಸ್ ಇಡಿ. ಮೈನಸ್‌ನಲ್ಲಿ ಕಾಣೋ ಗ್ರಾಂ ಅನ್ನು 9ರಿಂದ ಗುಣಿಸಿ, ಅಷ್ಟು ಕ್ಯಾಲೊರಿ.

ಅಕ್ಕಿಯನ್ನು ಹಸಿಯಾಗಿ ತೂಗಿದ್ರೋ ಬೆಂದ ಮೇಲೋ, ಅದನ್ನೂ ಗಮನಿಸಿ. 100 ಗ್ರಾಂ ಅಕ್ಕಿಗೆ ಸುಮಾರು 360 ಕ್ಯಾಲೊರಿ, ಅಷ್ಟೇ ಅನ್ನಕ್ಕೆ 130.

ದಿನಕ್ಕೆ 500 ಕ್ಯಾಲೊರಿ ತಗ್ಗಿಸಿದ್ರೆ ಸಾಕು, ದಯವಿಟ್ಟು ಉಪವಾಸ ಬೀಳಬೇಡಿ. ಉಪ್ಪು ಜಾಸ್ತಿ ತಿಂದ ಮರುದಿನ ತೂಕ ಏರಿದ್ರೆ ಅದು ನೀರು, ಕೊಬ್ಬಲ್ಲ. ವಾರದ ಸರಾಸರಿ ನೋಡಿ. ಇನ್ಸುಲಿನ್ ತಗೊಳ್ಳೋರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ, ಸಕ್ಕರೆ ಮಟ್ಟ ಕುಸಿಯುತ್ತೆ.