ಕಲ್ಲಿದ್ದಲು ಡಾಂಬರು ಬಿದ್ದ ಜಾಗ: ಪರೀಕ್ಷೆಗೆ ಮಣ್ಣು ತೆಗೆಯುವುದು ಹೀಗೆ

ಕಳೆದ ವರ್ಷ ಅಂಕೋಲಾ ಕಡೆಯವರೊಬ್ಬರು ಕ್ಯಾರಿಬ್ಯಾಗ್ ತುಂಬ ಮಣ್ಣು ತಂದಿದ್ದರು. ಅವರು ಕೊಂಡ ಜಾಗದಲ್ಲಿ ಹಿಂದೆ ಕಲ್ಲಿದ್ದಲು ಡಾಂಬರಿನ ಡ್ರಮ್ ಇಡುತ್ತಿದ್ದರಂತೆ. ಗದ್ದೆ ಮಣ್ಣಿಗೆ ಮಾಡುವ ಹಾಗೇ ಹತ್ತು ಕಡೆ ಕೆರೆದು, ಗೋಣಿಯ ಮೇಲೆ ಒಣಗಿಸಿ, ಎಲ್ಲ ಕಲಸಿದ್ದರು. ಪಾಪ, ಅಷ್ಟೂ ಕೆಲಸ ದಂಡ. ಗದ್ದೆಗೆ ಸರಿಯಾದ ಕ್ರಮ ಇದಕ್ಕೆ ಪೂರ್ತಿ ತಪ್ಪು.

ಯಾಕೆಂದರೆ, ಕಲ್ಲಿದ್ದಲನ್ನು ಗಾಳಿ ತಾಗದಂತೆ ಸುಮಾರು 1000 ಡಿಗ್ರಿಗೆ ಕಾಯಿಸಿ ಕೋಕ್ (ಉಕ್ಕಿನ ಕಾರ್ಖಾನೆಯ ಇಂಧನ) ಮಾಡುವಾಗ ಈ ಡಾಂಬರು ಬರುತ್ತದೆ. ಹಳೆಯ ಕೋಕ್ ಓವನ್ ಜಾಗಗಳ ನೆಲ ಕೆಡುವುದಕ್ಕೆ ಇದೇ ದೊಡ್ಡ ಕಾರಣ. ಇದರಲ್ಲಿ ಪಿಎಎಚ್ ಎಂಬ ಹೈಡ್ರೋಕಾರ್ಬನ್‌ಗಳಿವೆ, ಅಂದರೆ ಇಂಗಾಲ, ಜಲಜನಕ ಉಂಗುರಗಳಾಗಿ ಜೋಡಿಕೊಂಡ ವಸ್ತುಗಳು. ಅವುಗಳಲ್ಲಿ ನ್ಯಾಫ್ತಲೀನ್, ಅಂದರೆ ನುಸಿಗುಳಿಗೆಯದ್ದೇ, ಒಣಗಿಸಿದರೆ ಹಾರಿಹೋಗುತ್ತದೆ. ಕ್ಯಾನ್ಸರ್ ತರುವ ಬೆಂಜೋ-ಎ-ಪೈರೀನ್ ಮಣ್ಣಿಗೆ ಅಂಟಿ ವರ್ಷಗಟ್ಟಲೆ ಉಳಿಯುತ್ತದೆ. ಈಗ ರಸ್ತೆಗೆ ಹಾಕುವ ಪೆಟ್ರೋಲಿಯಂ ಡಾಂಬರು ಬೇರೆ, ಅದರಲ್ಲಿ ಇವು ತೀರಾ ಕಡಿಮೆ.

ಮೊದಲು ಲ್ಯಾಬ್‌ಗೆ ಫೋನ್ ಮಾಡಿ, "16 ಪಿಎಎಚ್ ಪರೀಕ್ಷೆ" (ಲ್ಯಾಬ್‌ಗಳು ಸಾಮಾನ್ಯವಾಗಿ ಅಳೆಯುವ ಹದಿನಾರು ಪಿಎಎಚ್‌ಗಳದ್ದು) ಎಂದೇ ಹೇಳಿ ಕಂದು ಗಾಜಿನ ಬಾಟಲಿ ಕೇಳಿ. ಸುಮ್ನೆ "ಎಣ್ಣೆ ಪರೀಕ್ಷೆ" ಎಂದರೆ ಬೇರೆಯದೇ ವರದಿ ಬರುತ್ತದೆ.

ಆಮೇಲೆ ಸ್ಟೀಲ್ ಚಮಚ, ಪೇಂಟ್ ಇಲ್ಲದ ಸಲಾಕೆ, ನೈಟ್ರೈಲ್ ಗ್ಲೌಸ್. ಪ್ಲಾಸ್ಟಿಕ್ ಬೇಡವೇ ಬೇಡ.

ಎಲ್ಲರೂ ಎಡವುವುದು ಅಗೆಯುವಾಗ. ಶುರುವನ್ನು ಚೊಕ್ಕ ಜಾಗದಿಂದ ಮಾಡಿ, ಕಪ್ಪು ಜಾಗ ಕೊನೆಗೆ. ಇಳಿಜಾರಿನ ಮೇಲ್ಗಡೆಯ, ರಸ್ತೆಯಿಂದ ದೂರದ, ಕಸ ಸುಡದ ನೆಲದ್ದೊಂದು ಬಾಟಲಿ ಬೇಕೇ ಬೇಕು, ಇಲ್ಲದಿದ್ದರೆ ಯಾವುದಕ್ಕೆ ಹೋಲಿಸುತ್ತೀರಿ? ಪ್ರತಿ ಗುಂಡಿಯಲ್ಲೂ ಮೇಲಿನ 15 ಸೆಂಟಿಮೀಟರ್ ಮಣ್ಣು ಒಂದು ಬಾಟಲಿಗೆ, ಅರ್ಧ ಮೀಟರ್ ಕೆಳಗಿನದು ಇನ್ನೊಂದಕ್ಕೆ. ಈ ಡಾಂಬರು ನೀರಿಗಿಂತ ಭಾರ, ನಮ್ಮ ಚೀರೆಕಲ್ಲಿನ ಸಂದಿಯಲ್ಲಿ ಕೆಳಕ್ಕೆ ಇಳಿಯುತ್ತದೆ. ಕೆಳಗಿನ ಮಣ್ಣನ್ನು ಗುಂಡಿಯ ತಳದಿಂದ ಬಾಚಬೇಡಿ, ಅಲ್ಲಿ ಮೇಲಿನದೇ ಉದುರಿರುತ್ತದೆ. ಗೋಡೆಯ ಹೊರಪದರ ಕೆರೆದು ಬಿಸಾಡಿ, ಚಮಚ ತೊಳೆದು, ಒಳಗಿನದನ್ನು ತೆಗೆಯಿರಿ. ಗುಂಡಿಗಳ ಮಣ್ಣು ಕಲಸಬೇಡಿ. ಒಂದು ಕಡೆಯ ವಿಷ ಒಂಬತ್ತು ಕಡೆಯ ಒಳ್ಳೆಯ ಮಣ್ಣಿನಲ್ಲಿ ಅಡಗಿಹೋಗುತ್ತದೆ, ಅಲ್ವಾ? ವಾಸನೆ ನೋಡಲು ಮೂಗಿನ ಹತ್ತಿರ ಹಿಡಿಯುವುದಂತೂ ಬೇಡ. ಅಗೆಯುವಲ್ಲಿ ಬೀಡಿ ಸೇದಬೇಡಿ, ಜೀಪ್ ಚಾಲೂ ಇಡಬೇಡಿ. ಹೊಗೆಯಲ್ಲೂ ಇದೇ ಪಿಎಎಚ್ ಇದೆ.

ಚಮಚಕ್ಕೆ ಡಾಂಬರು ಅಂಟಿದರೆ ಜನ ಸೀಮೆಎಣ್ಣೆಯಲ್ಲಿ ಒರೆಸುತ್ತಾರೆ, ಇಲ್ಲವೇ ಹಾರ್ಡ್‌ವೇರ್ ಅಂಗಡಿಯ ಥಿನ್ನರ್ ತರುತ್ತಾರೆ. ಎರಡರಲ್ಲೂ ಹೈಡ್ರೋಕಾರ್ಬನ್ ಇರುತ್ತದೆ, ಮಣ್ಣಿಗೆ ಸೇರಿದರೆ ಪರೀಕ್ಷೆ ಕೆಡುತ್ತದೆ. ಸೋಪು, ನೀರು, ಕೊನೆಗೆ ಲ್ಯಾಬ್‌ನವರು ಕೊಡುವ ಶುದ್ಧ ಅಸಿಟೋನ್. ನನ್ನ ಕೇಳಿದರೆ, ಗುಂಡಿಗೊಂದು ಹೊಸ ಚಮಚ ಇನ್ನೂ ಒಳ್ಳೆಯದು.

ಬಾಟಲಿಯನ್ನು ಬಾಯಿತನಕ ತುಂಬಿ, ಒಳಗೆ ಗಾಳಿ ಉಳಿಯದಿರಲಿ. ಗುಂಡಿ, ಆಳ, ತಾರೀಖು ಚೀಟಿಯಲ್ಲಿ ಬರೆದು ಬಾಟಲಿಗೆ ಅಂಟಿಸಿ. ಹೊಸ ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಹಾಕಿ, 4 ಡಿಗ್ರಿ ಆಸುಪಾಸು ಇರಬೇಕು. ಕಾರವಾರದ ಮೀನು ಮಾರ್ಕೆಟ್‌ನಲ್ಲಿ ಐಸ್ ಸಿಗುತ್ತದೆ, ಆದರೆ ಅದನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಕರಗಿದ ನೀರಿಗೆ ಚೀಟಿ ಅಳಿಸಿಹೋಗುತ್ತದೆ. ಲ್ಯಾಬ್‌ನವರು 14 ದಿನದೊಳಗೆ ಮಣ್ಣಿನಿಂದ ಪಿಎಎಚ್ ಬೇರ್ಪಡಿಸಬೇಕು, ಹಾಗಾಗಿ ಅವತ್ತೇ ಕಳಿಸಿ.

ವರದಿ ಬರುವತನಕ ಆ ಜಾಗದ ಬಾವಿ ನೀರು ಕುಡಿಯಬೇಡಿ, ಮಕ್ಕಳನ್ನು ಅಲ್ಲಿ ಆಡಲು ಬಿಡಬೇಡಿ.