ಮಳೆಗಾಲದಲ್ಲಿ ಅಯಾನೋಜೆಲ್ ಮಾಡಿದ್ದು

ಜುಲೈ ತಿಂಗಳ ಬೆಳಗಾವಿಯಲ್ಲಿ ತೇವ ಹೀರುವ ಉಪ್ಪನ್ನು ತಯಾರಿಸಲು ಹೊರಡುವುದು ಜಾಣತನವಲ್ಲ. ಆದರೆ ಪ್ರಯೋಗಾಲಯದಲ್ಲಿ ನನಗೆ ಬಿಡುವು ಸಿಕ್ಕಿದ್ದು ಆಗಲೇ. ಮಾಡಬೇಕಿದ್ದುದು ಅಯಾನೋಜೆಲ್, ಅಂದರೆ 100 ಡಿಗ್ರಿಗಿಂತ ಕೆಳಗೇ ದ್ರವವಾಗಿರುವ ಸಾವಯವ ಉಪ್ಪನ್ನು (ಅಯಾನಿಕ ದ್ರವವನ್ನು) ಸಿಲಿಕಾದ ಸೂಕ್ಷ್ಮ ಜಾಲದಲ್ಲಿ ಹಿಡಿದಿಟ್ಟ, ಅಯಾನುಗಳ ಮೂಲಕ ವಿದ್ಯುತ್ತನ್ನು ಸಾಗಿಸುವ ಘನವಸ್ತು.

8.2 ಗ್ರಾಂ 1-ಮೀಥೈಲ್‌ಇಮಿಡಜೋಲ್‌ಗೆ ಸುಮಾರು 11 ಗ್ರಾಂ 1-ಕ್ಲೋರೋಬ್ಯುಟೇನ್ ಬೆರೆಸಿ, ಕಂಡೆನ್ಸರ್ ಜೋಡಿಸಿ, 70 ಡಿಗ್ರಿಯಲ್ಲಿ 48 ಗಂಟೆ ಕಲಕಿದೆ. ಈಥೈಲ್ ಅಸಿಟೇಟ್‌ನಲ್ಲಿ ತೊಳೆದು ನಿರ್ವಾತದಲ್ಲಿ ಒಣಗಿಸಿದಾಗ ಬಿಳಿ ಹರಳು ಬಂತು. ತೂಕಕ್ಕಿಟ್ಟರೆ ತಕ್ಕಡಿಯ ಅಂಕೆ ಏರುತ್ತಲೇ ಹೋಯಿತು. ಸಂಜೆಯ ಹೊತ್ತಿಗೆ ಹರಳು ಕಾಕಂಬಿಯಂತೆ ಸುರಿಯುತ್ತಿತ್ತು. ಮತ್ತೆ ಮತ್ತೆ ಒಣಗಿಸುತ್ತ ಒಂದು ವಾರ ಕಳೆದ ಮೇಲೆ ಹೊಳೆಯಿತು: ಮುಂದಿನ ಹಂತದಲ್ಲಿ ನಾನು ಅದನ್ನು ಹೇಗೂ ನೀರಿನಲ್ಲೇ ಕರಗಿಸಬೇಕಿತ್ತು! ನನಗೆ ಬೇಕಾದದ್ದು ಒಣ ಉಪ್ಪಲ್ಲ, ಅದರಲ್ಲಿ ಎಷ್ಟು ಮೋಲ್ ಕ್ಲೋರೈಡ್ ಇದೆ ಎಂಬ ಲೆಕ್ಕ. ಬಿ.ಎಸ್ಸಿ. ವಿದ್ಯಾರ್ಥಿಗಳು ಮಾಡುವ, ಸಿಲ್ವರ್ ನೈಟ್ರೇಟ್ ಹನಿಸಿ ಕ್ಲೋರೈಡ್ ಅಳೆಯುವ ಮೋರ್ ಟೈಟ್ರೇಶನ್ ಆ ಲೆಕ್ಕವನ್ನು ಅರ್ಧ ಗಂಟೆಯಲ್ಲಿ ಕೊಟ್ಟಿತು.

ಅಷ್ಟೇ ಮೋಲ್ ಲಿಥಿಯಂ ಟಿಎಫ್‌ಎಸ್‌ಐ ಉಪ್ಪನ್ನು (ಕ್ಲೋರೈಡಿನ ಜಾಗಕ್ಕೆ ಫ್ಲೋರಿನ್ ಇರುವ, ನೀರಿಗೆ ಒಗ್ಗದ ಅಯಾನನ್ನು ತರಲು) ನೀರಿನಲ್ಲಿ ಕರಗಿಸಿ ಸೇರಿಸಿದೊಡನೆ ದ್ರಾವಣ ಕದಡಿ, ಭಾರವಾದ ಅಯಾನಿಕ ದ್ರವ ತಳದಲ್ಲಿ ಪದರವಾಗಿ ನಿಂತಿತು. ಅದರ ಬದಲು ಹೆಕ್ಸಾಫ್ಲೂರೋಫಾಸ್ಫೇಟ್ ಉಪ್ಪನ್ನು ಬಳಸಿದ್ದರೆ ಖರ್ಚು ಉಳಿಯುತ್ತಿತ್ತು; ಆದರೆ ಅದು ನೀರು ಮತ್ತು ಬಿಸಿ ತಾಗಿದರೆ ವಿಷಕಾರಿ ಹೈಡ್ರೋಜನ್ ಫ್ಲೋರೈಡ್ ಬಿಡುವುದರಿಂದ ನಾನು ಅದರ ಗೋಜಿಗೆ ಹೋಗಲಿಲ್ಲ. ತೊಳೆದ ನೀರು ಸಿಲ್ವರ್ ನೈಟ್ರೇಟ್ ಹನಿಗೆ ಬೆಳ್ಳಗಾಗದೆ ನಿಲ್ಲುವವರೆಗೆ, ಅಂದರೆ ಕ್ಲೋರೈಡ್ ಹೋಗುವವರೆಗೆ ತೊಳೆದೆ. ನನಗೆ ಏಳು ಸಲ ಬೇಕಾಯಿತು. ಬಳಿಕ 80 ಡಿಗ್ರಿಯಲ್ಲಿ ಇಡೀ ರಾತ್ರಿ ನಿರ್ವಾತದಲ್ಲಿಟ್ಟೆ.

ಜೆಲ್‌ಗಾಗಿ 2 ಮಿ.ಲೀ. ಅಯಾನಿಕ ದ್ರವ, ಸಿಲಿಕಾದ ಮೂಲವಾಗಿ 2 ಮಿ.ಲೀ. ಟೆಟ್ರಾಈಥಾಕ್ಸಿಸೈಲೇನ್, 3 ಮಿ.ಲೀ. ಸಾಂದ್ರ ಫಾರ್ಮಿಕ್ ಆಮ್ಲ ತೆಗೆದುಕೊಂಡೆ. ಇಲ್ಲಿ ನೀರನ್ನು ಹೊರಗಿನಿಂದ ಹಾಕುವುದಿಲ್ಲ; ಸೈಲೇನ್‌ನಿಂದ ಬಿಡುಗಡೆಯಾದ ಎಥನಾಲ್ ಫಾರ್ಮಿಕ್ ಆಮ್ಲದೊಂದಿಗೆ ಸೇರಿ ಎಸ್ಟರ್ ಆಗುವಾಗ ನೀರು ಮಿಶ್ರಣದೊಳಗೇ ಹುಟ್ಟಿ, ಸಿಲಿಕಾ ಜಾಲವನ್ನು ಎಲ್ಲೆಡೆ ಒಂದೇ ಹದದಲ್ಲಿ ಬೆಳೆಸುತ್ತದೆ. ಫ್ಯೂಮ್ ಹುಡ್‌ನಲ್ಲಿ ತೆರೆದಿಟ್ಟ ಮೊದಲ ಬಿಲ್ಲೆ ಎರಡೇ ದಿನಕ್ಕೆ ಸೀಳಿತು: ಎಥನಾಲ್ ಮತ್ತು ಆಮ್ಲ ಅವಸರದಲ್ಲಿ ಹಾರಿ, ಜಾಲ ಮೇಲ್ಗಡೆ ಬೇಗ ಕುಗ್ಗಿತ್ತು. ಎರಡನೆಯದನ್ನು ಟೆಫ್ಲಾನ್ ತಟ್ಟೆಯಲ್ಲಿ ಸುರಿದು, ಪ್ಯಾರಾಫಿಲ್ಮ್ (ಹಿಗ್ಗುವ ಮೇಣದ ಹಾಳೆ) ಮುಚ್ಚಿ, ಸೂಜಿಯಿಂದ ನಾಲ್ಕೇ ರಂಧ್ರ ಮಾಡಿ ಹನ್ನೆರಡು ದಿನ ಬಿಟ್ಟೆ. ಸಾಧಾರಣ ಉಷ್ಣತೆಯಲ್ಲಿ ಅಯಾನಿಕ ದ್ರವ ಆವಿಯಾಗುವುದೇ ಇಲ್ಲವೆನ್ನಬಹುದು. ಅದು ಸಿಲಿಕಾ ಜಾಲದ ರಂಧ್ರಗಳನ್ನು ತುಂಬಿಕೊಂಡೇ ಇದ್ದುದರಿಂದ ಬಿಲ್ಲೆ ಸ್ವಲ್ಪ ಕುಗ್ಗಿದರೂ ಸೀಳಲಿಲ್ಲ, ಒತ್ತು ಕಾಗದದ ಮೇಲಿಟ್ಟರೆ ಕಲೆಯನ್ನೂ ಬಿಡಲಿಲ್ಲ.

ಹುಮ್ಮಸ್ಸಿನಲ್ಲಿ ಮಲ್ಟಿಮೀಟರ್ ಹಚ್ಚಿದೆ. ರೋಧದ ಅಂಕೆ ಏರುತ್ತಲೇ ಇತ್ತು. ನೇರ ವಿದ್ಯುತ್ತಿನಲ್ಲಿ ಅಯಾನುಗಳು ಲೋಹದ ತುದಿಗಳ ಬಳಿ ಗುಂಪುಗೂಡಿ ನಿಲ್ಲುವುದರಿಂದ ಆ ಅಳತೆಗೆ ಅರ್ಥವಿಲ್ಲ. ಪರ್ಯಾಯ ವಿದ್ಯುತ್ತಿನ ಇಂಪಿಡೆನ್ಸ್ (ಒಟ್ಟು ತಡೆ) ಮಾಪನಕ್ಕಾಗಿ ಬಿಲ್ಲೆಯನ್ನು ತೇವ ತಾಗದಂತೆ ಡೆಸಿಕೇಟರ್‌ನಲ್ಲಿಟ್ಟು, ಬೇರೆ ವಿಭಾಗದ ಉಪಕರಣದ ಸರದಿಗೆ ಹೆಸರು ಬರೆಸಿ ಬಂದೆ.